ವಜ್ರದ ಕಥೆ, ಮೈದಾ ಅಂಟು

ಅವೆನ್ಯೂ ರಸ್ತೆಯ ಫುಟ್‌ಪಾತ್ ಮೇಲೆ ಸಿಕ್ಕಿದ ಈ ಪುಸ್ತಕಕ್ಕೆ ನಾನು ಕೊಟ್ಟಿದ್ದು 60 ರೂಪಾಯಿ. ರಿಪೇರಿಗೆ ಇಲ್ಲಿವರೆಗೆ ಆಗಿರೋದು 740. ಕೊನೆಯಲ್ಲಿ ಹೇಳಿದರೆ ಬೈತೀರಿ ಅಂತ ಮೊದಲೇ ಹೇಳಿಬಿಟ್ಟೆ.

ಪುಸ್ತಕ ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’. 1868ರ ಪತ್ತೇದಾರಿ ಕಾದಂಬರಿ. ಆ ವರ್ಷ ಜನವರಿಯಿಂದ ಆಗಸ್ಟ್‌ವರೆಗೆ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 32 ಕಂತುಗಳಾಗಿ ಬಂದಿತ್ತು. ನನ್ನ ಪ್ರತಿ ಅಷ್ಟು ಹಳೆಯದಲ್ಲ. ಆಕ್ಸ್‌ಫರ್ಡ್‌ನವರ ವರ್ಲ್ಡ್ಸ್ ಕ್ಲಾಸಿಕ್ಸ್ ಮಾಲೆಯದು, ಜುಬ್ಬದ ಜೇಬಿಗೆ ಹಿಡಿಸುವಷ್ಟು ಪುಟ್ಟದು, ಗಟ್ಟಿ ರಟ್ಟು, ನೀಲಿ ಬಟ್ಟೆಯ ಹೊದಿಕೆ, ಟಿ.ಎಸ್. ಎಲಿಯಟ್ ಮುನ್ನುಡಿ. ಆ ಮುನ್ನುಡಿಯ ಜೊತೆ ಇದು ಮೊದಲು ಅಚ್ಚಾಗಿದ್ದು 1928ರಲ್ಲಿ. ಆಮೇಲಿನ ಮರುಮುದ್ರಣಗಳ ವರ್ಷಗಳನ್ನು ಹೆಸರಿನ ಪುಟದ ಹಿಂದೆ ಸಾಲಾಗಿ ಕೊಟ್ಟಿದ್ದಾರೆ. ಕೊನೆಯ ವರ್ಷ ಇರಬೇಕಾದ ಜಾಗದಲ್ಲಿ ಸರಿಯಾಗಿ ಒಂದು ತೂತು. ಹುಳ ಬೇರೆ ಎಲ್ಲಾದರೂ ತಿನ್ನಬಹುದಿತ್ತು, ಅಲ್ವಾ?

ಕೊಂಡಿದ್ದಕ್ಕೆ ಕಾರಣ ಮೊದಲ ಪುಟ. ನಾನು ಮಂಡ್ಯದ ಕಡೆಯವನು. ಕಥೆ ಶುರುವಾಗೋದೇ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು, ಕೋಟೆ ಬಿದ್ದು ಟಿಪ್ಪು ಸತ್ತ ದಿನ. ಲೂಟಿಯ ಗಲಾಟೆಯಲ್ಲಿ ಹರ್ನ್‌ಕಾಸಲ್ ಅನ್ನೋ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಆಯುಧಗಳ ಕೋಣೆಗೆ ನುಗ್ಗಿ, ಕಾವಲಿದ್ದವರನ್ನು ಕೊಂದು, ಒಂದು ಕಠಾರಿ ಹೊಡೆಯುತ್ತಾನೆ. ಅದರ ಹಿಡಿಯ ತುದಿಯಲ್ಲಿ ಹಳದಿ ವಜ್ರ, ಒಂದಾನೊಂದು ಕಾಲದಲ್ಲಿ ಸೋಮನಾಥದ ಚಂದ್ರದೇವರ ಹಣೆಯಲ್ಲಿ ಇದ್ದದ್ದು. ಆ ವಜ್ರ ಇಂಗ್ಲೆಂಡಿಗೆ ಹೋಗಿ, ಯಾರ್ಕ್‌ಶೈರ್‌ನ ಒಂದು ಮನೆಯಲ್ಲಿ ಹುಡುಗಿಯ ಹುಟ್ಟುಹಬ್ಬದ ರಾತ್ರಿ ಮತ್ತೆ ಕಳುವಾಗುತ್ತದೆ. ವಜ್ರ, ಹರ್ನ್‌ಕಾಸಲ್ ಎರಡೂ ಕಟ್ಟುಕಥೆ. ಆದರೆ ಮುತ್ತಿಗೆ ನಿಜ, ಅಲ್ಲಿ ಬರುವ ಜನರಲ್ ಬೇರ್ಡ್ ನಿಜ. ಅದೇ ಶ್ರೀರಂಗಪಟ್ಟಣದಲ್ಲಿ 1780ರಿಂದ 1784ರವರೆಗೆ ಸೆರೆಯಲ್ಲಿದ್ದು, 15 ವರ್ಷ ಆದ ಮೇಲೆ ದಾಳಿಗೆ ಮುಂದಾಳಾಗಿ ಬಂದ ಮನುಷ್ಯ. ಸ್ಕೂಲ್ ಟ್ರಿಪ್ಪಿನಲ್ಲಿ ಆ ಕೋಟೆ ಮೇಲೆ ಪುಳಿಯೋಗರೆ ತಿಂದವನಿಗೆ ಇಂಗ್ಲಿಷಿನ ಹಳೇ ಪತ್ತೇದಾರಿ ಕಾದಂಬರಿ ಅಲ್ಲಿಂದಲೇ ಶುರುವಾಗುತ್ತೆ ಅಂತ ಗೊತ್ತಾದರೆ 60 ರೂಪಾಯಿ ಏನು ಮಹಾ.

ಸ್ಥಿತಿ ಹೀಗಿತ್ತು. ಮುಂದಿನ ರಟ್ಟು ಇನ್ನೂ ಪುಸ್ತಕದ ಜೊತೆ ಇದ್ದದ್ದು ಸೆಲ್ಲೋ ಟೇಪಿನ ಪುಣ್ಯ. ಬೆನ್ನಿನ ಬಟ್ಟೆ ಒಂದು ಅಂಚಿನಲ್ಲಿ ಪೂರ್ತಿ ಹರಿದು ಇನ್ನೊಂದು ಅಂಚಿನಿಂದ ಜೋತುಬಿದ್ದಿತ್ತು. ಎರಡು ಹಾಳೆ ಬಿಡಿಯಾಗಿ ಓಡಾಡುತ್ತಿದ್ದವು. ಮೊದಲ ಫಾರಂನ (ಫಾರಂ ಅಂದರೆ ಒಟ್ಟಿಗೆ ಮಡಿಸಿ ಹೊಲಿದ ಪುಟಗಳ ಒಂದು ಕಟ್ಟು) ಹೊಲಿಗೆ ತುಂಡಾಗಿತ್ತು. ಹುಳದ ತೂತುಗಳು ಜಾಸ್ತಿ ಇದ್ದದ್ದು ಆ ಮೊದಲ ಫಾರಂನಲ್ಲೇ, ಅಂದರೆ ಸರಿಯಾಗಿ ಶ್ರೀರಂಗಪಟ್ಟಣದ ಭಾಗದಲ್ಲಿ. ಬೇರ್ಡ್‌ನ ಸೈನ್ಯ ಬಿಟ್ಟಿದ್ದನ್ನು ಈ ಹುಳ ತಿಂದಿದೆ. ಮೇಲಿಂದ ಬೂಷ್ಟಿನ ವಾಸನೆ.

ನಮ್ಮ ಬೀದಿ ಕೊನೆಯಲ್ಲಿ ಒಂದು ಬೈಂಡಿಂಗ್ ಅಂಗಡಿ ಇದೆ. ಲೆಡ್ಜರ್, ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್, ಮದುವೆ ಆಲ್ಬಮ್ ಎಲ್ಲ ಮಾಡುತ್ತಾರೆ. ಅಲ್ಲಿಗೆ ತಗೊಂಡು ಹೋದೆ. ಯಜಮಾನರು ಒಂದೇ ಸಲ ನೋಡಿ, “ಮೂರೂ ಕಡೆ ಕಟಿಂಗ್ ಹೊಡ್ದು ರೆಕ್ಸಿನ್ ಹಾಕಿ ಕೊಡ್ತೀನಿ ಸಾರ್, 150 ಕೊಡಿ” ಅಂದರು. ಅವರ ಲೆಕ್ಕದಲ್ಲಿ ಅದು ಸರಿ. ಆದರೆ ಕಟಿಂಗ್ ಹೊಡೆದರೆ ಮೊದಲೇ ಚಿಕ್ಕದಿರುವ ಮಾರ್ಜಿನ್ ಇನ್ನೂ ಹೋಗುತ್ತೆ, ನೀಲಿ ಬಟ್ಟೆನೂ ಹೋಗುತ್ತೆ. ನಾನೇ ಮಾಡ್ಕೊಳ್ತೀನಿ ಯಜಮಾನ್ರೇ, ದಾರಿ ತೋರಿಸಿ ಅಂದೆ. ನಕ್ಕರು. ಪುಸ್ತಕವನ್ನು ಮಧ್ಯಕ್ಕೆ ಬಿಡಿಸಿ, ದಾರವನ್ನು ಉಗುರಿನಲ್ಲಿ ಮೀಟಿ ನೋಡಿ, “ಹೊಲಿಗೆ ಗಟ್ಟಿ ಇದೆ. ಮೊದಲ್ನೇದು ಬಿಟ್ಟು ಯಾವುದನ್ನೂ ಬಿಚ್ಚಬೇಡಿ. ಬಿಚ್ಚಿದ್ರೆ ವಾಪಸ್ ನನ್ನ ಹತ್ರಾನೇ ಬರ್ತೀರ” ಅಂದರು. ಇಡೀ ಕೆಲಸದಲ್ಲಿ ಸಿಕ್ಕ ಒಳ್ಳೆಯ ಸಲಹೆ ಅದೊಂದೇ.

ಮೊದಲ ಕೆಲಸ ಹುಳ ಸಾಯಿಸೋದು. ತೂತು ಹಳೆಯದಿದ್ದರೂ ಒಳಗೆ ಮೊಟ್ಟೆ ಇರಬಹುದು, ಕಪಾಟಿನಲ್ಲಿ ಬೇರೆ ಪುಸ್ತಕಗಳಿವೆ. ಜಿಪ್ ಇರುವ ದಪ್ಪ ಕವರಿನಲ್ಲಿ ಹಾಕಿ, ಒಳಗಿನ ಗಾಳಿ ಒತ್ತಿ ತೆಗೆದು, ಮನೆ ಫ್ರಿಜ್ಜಿನ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟೆ. ಮನೆ ಫ್ರೀಜರ್ ಮೈನಸ್ 18 ಡಿಗ್ರಿಯ ಹತ್ತಿರ ಇರುತ್ತೆ, ಆ ಚಳಿಗೆ ಎರಡು ವಾರ ಬೇಕು. ಮೂರನೇ ದಿನ ಅಮ್ಮ ಕೇಳಿದರು, “ಏನೋ ಇದು, ಅವರೆಕಾಳಿನ ಪಕ್ಕ ಯಾವುದೋ ಪುಸ್ತಕ ಇಟ್ಟಿದ್ದೀಯ?” ಹುಳ ಇದೆ ಅಂತ ಹೇಳಿದ್ದು ತಪ್ಪಾಯಿತು. ಉಳಿದ ಹನ್ನೊಂದು ದಿನ ಎರಡು ಕವರಿನೊಳಗೆ, ಸ್ಟೀಲ್ ಡಬ್ಬಿಯೊಳಗೆ ಇಡಬೇಕಾಯಿತು. ಹೊರಗೆ ತೆಗೆದ ಮೇಲೆ ತಕ್ಷಣ ಕವರ್ ಬಿಚ್ಚಬಾರದು. ಒಂದು ದಿನ ಹಾಗೇ ಬಿಟ್ಟರೆ ನೀರಿನ ಹನಿ ಕವರಿನ ಹೊರಗೆ ಕೂರುತ್ತೆ. ಬಿಚ್ಚಿದರೆ ಪುಸ್ತಕದ ಮೇಲೆ ಕೂರುತ್ತೆ.

ಆಮೇಲೆ ಬೂಷ್ಟು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಾಲ್ಕನಿಯಲ್ಲಿ ಕೂತು, ಮೆತ್ತನೆ ಬ್ರಷ್ಷಿನಲ್ಲಿ ಒಂದೊಂದೇ ಪುಟ ಒಣಗಿದ್ದಂತೆಯೇ ಒರೆಸಿದೆ. 500ಕ್ಕೂ ಜಾಸ್ತಿ ಪುಟ, ಎರಡು ಭಾನುವಾರ. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬೂಷ್ಟು ಒಳಗೆ ಇಳಿಯುತ್ತೆ. ವಾಸನೆಗೆ, ಮುಚ್ಚಳ ಇರುವ ಡಬ್ಬದಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ಇಟ್ಟು, ಪಕ್ಕದಲ್ಲಿ ಪುಸ್ತಕವನ್ನು ಬಿಡಿಸಿ ನಿಲ್ಲಿಸಿ ಹತ್ತು ದಿನ ಬಿಟ್ಟೆ. ಪೂರ್ತಿ ಹೋಗಿಲ್ಲ. ಈಗ ಹಳೇ ಲೈಬ್ರರಿ ವಾಸನೆ ಇದೆ, ಮೊದಲು ಹಳೇ ಬಚ್ಚಲಿನ ವಾಸನೆ ಇತ್ತು.

ಒರೆಸುವಾಗ ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್ ಬರಹ ಸಿಕ್ಕಿತು. ಕನ್ನಡದಲ್ಲಿ! ಒಂದು ಪಾತ್ರದ ಹೆಸರಿಗೆ ಬಾಣದ ಗುರುತು, ಪಕ್ಕದಲ್ಲಿ “ಇವನೇ, ಅನುಮಾನವೇ ಬೇಡ”, ಕೆಳಗೆ ಎರಡು ಗೀಟು. ಪತ್ತೇದಾರಿ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ. ಆ ವಾರ ಪೂರ್ತಿ ಆ ಹಿಂದಿನ ಓದುಗನನ್ನು ಬೈದುಕೊಂಡೇ ಕಥೆ ಓದಿದೆ. ಮುಗಿಸಿದಾಗ ಗೊತ್ತಾಯಿತು, ಅವನ ಊಹೆ ತಪ್ಪು. ರಬ್ಬರ್ ಕೈಯಲ್ಲೇ ಇತ್ತು, ಒಳಗೆ ಇಟ್ಟೆ. ಆ ಗೀಟು ಅಲ್ಲೇ ಇರಲಿ.

ಟೇಪ್ ಕೀಳೋದು ತಾಳ್ಮೆಯ ಕೆಲಸ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಟ್ಟು, ಅಂಟು ಮೆತ್ತಗಾದ ಕೂಡಲೇ ಬೆಣ್ಣೆ ಸವರುವ ಚಾಕುವಿನ ತುದಿಯಲ್ಲಿ ಎತ್ತಿ, ನೇರ ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಿಸಿದ ಹಾಗೆ ನಿಧಾನವಾಗಿ ಎಳೆಯಬೇಕು. ಮೊದಲ ಎರಡು ತುಂಡು ಚೆನ್ನಾಗಿ ಬಂತು. ಮೂರನೆಯದಕ್ಕೆ ಫೋನ್ ಬಂತು, ಒಂದು ಕೈಯಲ್ಲಿ ಎಳೆದೆ, ನೀಲಿ ಬಟ್ಟೆಯ ಮೇಲ್ಪದರ ಅರ್ಧ ಇಂಚು ಕಿತ್ತು ಬಂತು. ಟೇಪಿನ ಹಳದಿ ಕಲೆ ಮಾತ್ರ ಒಳಗಿನ ಹಾಳೆಯಲ್ಲಿ ಹಾಗೇ ಇದೆ, ಅದು ಹೋಗಲ್ಲ.

ಟೇಪ್ ಹೋದ ಮೇಲೆ ನಿಜವಾದ ಪತ್ತೇದಾರಿ ಶುರುವಾಯಿತು. ಬೆನ್ನಿನ ಮೇಲೆ ಮೂರು ಥರದ ಅಂಟು ಇತ್ತು. ತಳದಲ್ಲಿ ಕಂದು ಬಣ್ಣದ, ಗಾಜಿನ ಹಾಗೆ ಒಡೆಯುವ ಪದರ. ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡುವ ಅಂಟು, ಇಂಗ್ಲೆಂಡಿನ ಮೊದಲ ಬೈಂಡಿಂಗಿನದು. ನಮ್ಮ ಬಡಗಿಗಳು ಇದಕ್ಕೆ ಮರವಜ್ರ ಅಂತಾರೆ, ಬರೀ ವಜ್ರ ಅಂತಲೂ ಅಂತಾರೆ. ವಜ್ರದ ಕಥೆಯ ಬೆನ್ನಿಗೆ ವಜ್ರ! ಇದನ್ನು ಹೇಳಲು ಮನೆಯಲ್ಲಿ ಯಾರೂ ಸಿಗಲಿಲ್ಲ, ಅದಕ್ಕೇ ಇಲ್ಲಿ ಬರೆದೆ. ಅದರ ಮೇಲೆ ತೆಳುವಾಗಿ ಹಸಿರು ಮಿಶ್ರಿತ ಬಿಳಿ ಪುಡಿ. ಇದು ಮೈದಾ ಅಂಟು. ಹಸಿರು ಯಾಕೆ ಅಂದರೆ ನಮ್ಮ ಕಡೆಯ ಬೈಂಡರ್‌ಗಳು ಹುಳ ಬರದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅಂದರೆ ಪುಸ್ತಕ ಇಂಡಿಯಾಕ್ಕೆ ಬಂದ ಮೇಲೆ ಒಮ್ಮೆ ಕಸುಬು ಗೊತ್ತಿದ್ದವರ ಕೈಗೆ ಹೋಗಿದೆ. ಆ ಅಂಟು ಇದ್ದ ಜಾಗದಲ್ಲಿ ಒಂದು ತೂತೂ ಇಲ್ಲ. ಎಲ್ಲಕ್ಕಿಂತ ಮೇಲೆ ಬಿಳೀ ರಬ್ಬರಿನಂಥ ಗಟ್ಟಿ ಮುದ್ದೆ, ಫೆವಿಕಾಲ್, ಟೇಪ್ ಹಚ್ಚಿದ ಮಹಾಶಯನದ್ದೇ ಇರಬೇಕು. ಪುಸ್ತಕ ಬಿಡಿಸಿದಾಗ ಬೆನ್ನು ಬಾಗದೆ ಮುರಿದದ್ದು ಇದರಿಂದಲೇ.

ಫೆವಿಕಾಲ್ ಮುದ್ದೆಯನ್ನು ಚಿಮಟದಲ್ಲಿ ಸಿಪ್ಪೆ ಸುಲಿದ ಹಾಗೆ ತೆಗೆದೆ. ಕೆಳಗಿನ ಮರವಜ್ರಕ್ಕೆ ನೀರು ಸುರಿಯುವ ಹಾಗಿಲ್ಲ. ದಪ್ಪಗಿನ ಮೈದಾ ಅಂಟನ್ನೇ ಬೆನ್ನಿನ ಮೇಲೆ ಬಳಿದು ಕಾಲು ಗಂಟೆ ಬಿಟ್ಟರೆ ಅದರ ತೇವಕ್ಕೆ ಹಳೇ ಅಂಟು ಮೆತ್ತಗಾಗುತ್ತೆ. ಆಮೇಲೆ ಐಸ್‌ಕ್ರೀಮ್ ಕಡ್ಡಿಯಲ್ಲಿ ಕೆರೆದು ತೆಗೆಯಬಹುದು. ಮೆತ್ತಗಾದಾಗ ಎಂಥ ವಾಸನೆ ಅಂತ ಕೇಳಬೇಡಿ. ನಾವು ಸಸ್ಯಾಹಾರಿಗಳ ಮನೆ.

ಬೆನ್ನು ಸ್ವಚ್ಛ ಆದ ಮೇಲೆ ಫಾರಂ ಎಣಿಸಿದೆ. ಒಂದೊಂದು ಫಾರಂಗೆ 32 ಪುಟ, ಮೊದಲ ಪುಟದ ಅಡಿಯಲ್ಲಿ ಚಿಕ್ಕದಾಗಿ ಒಂದು ಇಂಗ್ಲಿಷ್ ಅಕ್ಷರ, ಬೈಂಡಿಂಗ್ ಮಾಡುವವರಿಗೆ ಕ್ರಮ ತಪ್ಪದಿರಲಿ ಅಂತ. ಬಿ, ಸಿ, ಡಿ ಅಂತ ಬೆರಳಿಟ್ಟು ಹೋಗುತ್ತಿದ್ದೆ. ಎಚ್, ಐ, ಆಮೇಲೆ ಕೆ. ಜೆ ಇಲ್ಲ! ಎದೆ ಧಸಕ್ ಅಂತು. ಹಿಂದಿನ ಬೈಂಡರ್ ಒಂದು ಇಡೀ ಫಾರಂ ಕಳೆದಿದ್ದಾರೆ, 32 ಪುಟ ಹೋಯಿತು, ಆದರೆ ನಾನು ಕಥೆ ಓದಿದ್ದೆನಲ್ಲ, ಎಲ್ಲೂ ತುಂಡಾಗಿರಲಿಲ್ಲವಲ್ಲ ಅಂತ ತಲೆಬಿಸಿ. ಪುಟದ ನಂಬರ್ ನೋಡಿದೆ. ಐ ಫಾರಂನ ಕೊನೆ ಪುಟ 256, ಕೆ ಫಾರಂನ ಮೊದಲ ಪುಟ 257. ಏನೂ ಹೋಗಿಲ್ಲ. ಆಮೇಲೆ ತಿಳಿಯಿತು, ಹಳೇ ಅಚ್ಚುಕೂಟದವರು ಈ ಗುರುತಿಗೆ 26 ಅಕ್ಷರ ಬಳಸೋದೇ ಇಲ್ಲ, 23 ಮಾತ್ರ. ಲ್ಯಾಟಿನ್ ಅಕ್ಷರಮಾಲೆಯ ಲೆಕ್ಕ ಅದು, ಐ ಮತ್ತು ಜೆ ಅಲ್ಲಿ ಒಂದೇ. ಯು, ವಿಗಳಲ್ಲಿ ಒಂದು ಇರಲ್ಲ, ಡಬ್ಲ್ಯು ಇರಲ್ಲ. ಹಳೇ ಇಂಗ್ಲಿಷ್ ಪುಸ್ತಕ ರಿಪೇರಿಗೆ ಕೂತವರು ಇದೊಂದನ್ನು ನೆನಪಿಡಿ, ಸುಮ್ನೆ ರಕ್ತದೊತ್ತಡ ಏರಿಸಿಕೊಳ್ಳಬೇಡಿ.

ಅಂಟಿನ ವಿಷಯ. ಒಂದು ಅಳತೆ ಮೈದಾಕ್ಕೆ ಐದು ಅಳತೆ ನೀರು. ಗಂಟಾಗದ ಹಾಗೆ ಕಲಸಿ ಅರ್ಧ ಗಂಟೆ ಬಿಟ್ಟು, ಸಣ್ಣ ಉರಿಯಲ್ಲಿ ರಾಗಿ ಅಂಬಲಿ ಕೆದಕಿದ ಹಾಗೆ ಕೈ ಬಿಡದೆ ಕೆದಕಬೇಕು. ಬಿಳಿ ಹೋಗಿ ಸ್ವಲ್ಪ ಪಾರದರ್ಶಕ ಆದಾಗ ಇಳಿಸಿ, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಹಿಂಡಿ ಸೋಸಬೇಕು. ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತೆ, ಹುಳಿ ವಾಸನೆ ಬಂದರೆ ಎಸೆಯಿರಿ. ಮೈಲುತುತ್ತ ನಾನು ಹಾಕಲಿಲ್ಲ. ಹುಳಕ್ಕೆ ವಿಷ ನಿಜ, ಆದರೆ ತಾಮ್ರದ ಅಂಶ ಕಾಲಕ್ರಮದಲ್ಲಿ ಕಾಗದವನ್ನೂ ತಿನ್ನುತ್ತೆ. ಪುಟಕ್ಕೆ, ಬೆನ್ನಿಗೆ ಮೈದಾ ಅಂಟು ಮಾತ್ರ ಹಾಕಿದೆ, ಯಾಕೆಂದರೆ ನಾಳೆ ಯಾರಾದರೂ ಬಿಚ್ಚಬೇಕು ಅಂದರೆ ತೇವ ಕೊಟ್ಟರೆ ಸಾಕು, ಬಿಟ್ಟುಕೊಳ್ಳುತ್ತೆ. ಫೆವಿಕಾಲ್ ಅನ್ನು ರಟ್ಟಿಗೆ ಬಟ್ಟೆ ಅಂಟಿಸುವಾಗ ಮಾತ್ರ, ಅದೂ ಮೈದಾ ಅಂಟಿಗೆ ಅರ್ಧಕ್ಕರ್ಧ ಬೆರೆಸಿ.

ಮೊದಲ ಫಾರಂ ಹೊಲಿಯೋದು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಹಳೇ ತೂತುಗಳೇ ಇದ್ದವು. ಮೇಣ ಉಜ್ಜಿದ ದಾರವನ್ನು ಅವುಗಳಲ್ಲೇ ಒಳಗೆ ಹೊರಗೆ ಹಾಯಿಸಿ, ಎರಡೂ ತುದಿಯಲ್ಲಿ ಪಕ್ಕದ ಫಾರಂನ ಗಂಟಿಗೆ ಸಿಕ್ಕಿಸಿ ಬಿಗಿದೆ. ಬಿಡಿ ಹಾಳೆಗಳಿಗೆ ಜಪಾನಿನ ಕೋಜೋ ನಾರಿನ ಟಿಶ್ಯೂ ಕಾಗದ. ಇದನ್ನು ಕತ್ತರಿಯಲ್ಲಿ ಕತ್ತರಿಸಬಾರದು. ಒದ್ದೆ ಬ್ರಷ್ಷಿನಲ್ಲಿ ಗೆರೆ ಎಳೆದು ಕೈಯಲ್ಲಿ ಹರಿಯಬೇಕು, ಆಗ ಅಂಚಿನಲ್ಲಿ ನಾರು ಎದ್ದು ನಿಲ್ಲುತ್ತೆ, ಅಂಟಿಸಿದಾಗ ಪುಟದಲ್ಲಿ ಕರಗಿದ ಹಾಗೆ ಕೂರುತ್ತೆ.

ಹುಳದ ತೂತುಗಳನ್ನು ಎಲ್ಲ ಮುಚ್ಚಲು ಹೊರಟೆ, ಹನ್ನೆರಡು ಮುಚ್ಚುವಷ್ಟರಲ್ಲಿ ಬುದ್ಧಿ ಬಂತು. ಇಷ್ಟು ಟಿಶ್ಯೂ ಸೇರಿದರೆ ಆ ಫಾರಂ ಒಂದೇ ಉಬ್ಬಿಕೊಳ್ಳುತ್ತೆ. ಅಂಚಿಗೆ ಹತ್ತಿರ ಇದ್ದು ಹರಿಯುವ ಹಾಗಿದ್ದವನ್ನು ಮಾತ್ರ ಮುಚ್ಚಿ ಉಳಿದವನ್ನು ಬಿಟ್ಟೆ. ಹಾಗಾಗಿ ನನ್ನ ಪ್ರತಿಯಲ್ಲಿ ಶ್ರೀರಂಗಪಟ್ಟಣದ ಇಂಗ್ಲಿಷ್ ಹೆಸರಿನ ನಡುವೆ ಒಂದು ಕಡೆ ಎರಡು ಅಕ್ಷರ ಇಲ್ಲ, ತೂತಿನಿಂದ ಮುಂದಿನ ಪುಟದ ಅರ್ಧ ಅಕ್ಷರ ಇಣುಕುತ್ತೆ. ಓದಲು ತೊಂದರೆ ಇಲ್ಲ, ಊರು ಗೊತ್ತಿರೋದೇ.

ಬೆನ್ನಿಗೆ ಆಧಾರವಾಗಿ ಜಾಳು ಬಟ್ಟೆ ಬೇಕು. ಮೆಡಿಕಲ್ ಶಾಪಿನ ಗಾಜ್ ಬಟ್ಟೆ ತಂದು ಗಂಜಿ ಹಾಕಿ ಇಸ್ತ್ರಿ ಮಾಡಿದೆ, ಬೆನ್ನಿಗಿಂತ ಎರಡೂ ಕಡೆ ಒಂದೊಂದು ಇಂಚು ಜಾಸ್ತಿ ಬಿಟ್ಟು ಅಂಟಿಸಿದೆ. ಅದರ ಮೇಲೆ ಕ್ರಾಫ್ಟ್ ಪೇಪರ್. ಇಲ್ಲಿ ಮುಗ್ಗರಿಸಿದೆ. ಕಾಗದಕ್ಕೂ ನಾರಿನ ದಿಕ್ಕು ಅಂತ ಇರುತ್ತೆ. ಆ ದಿಕ್ಕು ಬೆನ್ನಿನ ಉದ್ದಕ್ಕೆ ಇರಬೇಕು. ನಾನು ಅಡ್ಡಕ್ಕೆ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಹಪ್ಪಳದ ಹಾಗೆ ಸುಕ್ಕು. ಕಿತ್ತು ಮತ್ತೆ ಹಾಕಿದೆ. ಸುಲಭದ ಪರೀಕ್ಷೆ ಇದೆ: ಒಂದು ಚಿಕ್ಕ ತುಂಡಿನ ಒಂದು ಮೈ ಒದ್ದೆ ಮಾಡಿ ಅಂಗೈ ಮೇಲೆ ಇಡಿ, ಅದು ಸುರುಳಿಯಾಗಿ ಕೊಳವೆ ಆಗುತ್ತೆ, ಕೊಳವೆಯ ಉದ್ದ ಯಾವ ಕಡೆಗೋ ನಾರು ಆ ಕಡೆಗೆ.

ಇನ್ನು ಹೊರಬಟ್ಟೆ. ಹಳೇ ನೀಲಿಗೆ ಹೊಂದುವ ಕ್ಯಾಲಿಕೋ, ಅಂದರೆ ಬೈಂಡಿಂಗಿನ ಬಟ್ಟೆ, ಎಲ್ಲೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಸೀರೆ ಅಂಗಡಿಯಲ್ಲಿ, ಹತ್ತಿಯ ರವಿಕೆ ಕಣ, 90 ರೂಪಾಯಿ. ಅಂಗಡಿಯಲ್ಲಿ ಪುಸ್ತಕ ತೆಗೆದು ಬಣ್ಣ ಹೊಂದಿಸಿ ನೋಡುತ್ತಿದ್ದರೆ ಸೇಲ್ಸ್ ಹುಡುಗಿ, “ಸೀರೆ ಎಲ್ಲಿ ಸಾರ್?” ಅಂದಳು. ಆ ಬಟ್ಟೆಯನ್ನು ನೇರ ಅಂಟಿಸಿದರೆ ಅಂಟು ಎಳೆಗಳ ನಡುವಿನಿಂದ ಮೇಲೆ ಬಂದು ಕಲೆ ಆಗುತ್ತೆ, ಮೊದಲ ತುಂಡನ್ನು ಹಾಗೇ ಹಾಳು ಮಾಡಿದೆ. ಎರಡನೆಯದಕ್ಕೆ ಹಿಂದೆ ಟಿಶ್ಯೂ ಅಂಟಿಸಿ, ಪೂರ್ತಿ ಒಣಗಿಸಿ ಆಮೇಲೆ ಬಳಸಿದೆ. ರಟ್ಟುಗಳ ಅಂಚಿನಲ್ಲಿ ಹಳೇ ಬಟ್ಟೆಯನ್ನು ಸುಮಾರು ಒಂದು ಸೆಂಟಿಮೀಟರ್ ಎತ್ತಿ, ಅದರ ಕೆಳಗೆ ಹೊಸ ಬಟ್ಟೆ ತೂರಿಸಿ, ಮೇಲೆ ಹಳೆಯದನ್ನು ಮತ್ತೆ ಕೂರಿಸಿದೆ. ಒಂಥರಾ ಗಿಡಕ್ಕೆ ಕಸಿ ಕಟ್ಟಿದ ಹಾಗೆ. ಈ ಕಾದಂಬರಿಯ ಪತ್ತೇದಾರ ಸಾರ್ಜೆಂಟ್ ಕಫ್‌ಗೆ ಗುಲಾಬಿ ಹುಚ್ಚು. ಕಳ್ಳತನದ ತನಿಖೆಗೆ ಬಂದವನು ಮನೆಯ ಮಾಲಿಯ ಜೊತೆ ಬಿಳೀ ಗುಲಾಬಿಗೆ ಕಸಿ ಕಟ್ಟಬೇಕೋ ಬೇಡವೋ ಅಂತ ಜಗಳಕ್ಕೆ ನಿಲ್ಲುತ್ತಾನೆ.

ಕಫ್‌ನ ಮಾತು ಕೇಳದೆ ನಾನು ಇನ್ನೊಂದು ಎಡವಟ್ಟು ಮಾಡಿದೆ. ಕಥೆಯಲ್ಲಿ ವಜ್ರ ಹೋದ ಕೋಣೆಯ ಬಾಗಿಲಿಗೆ ಹೊಸದಾಗಿ ಬಣ್ಣ ಹಚ್ಚಿರುತ್ತಾರೆ, ಅದರ ಮೇಲೆ ಯಾರದೋ ಬಟ್ಟೆ ತಗುಲಿದ ಚಿಕ್ಕ ಗುರುತು. ಮೊದಲು ಬಂದ ಪೊಲೀಸ್ ಅಧಿಕಾರಿ ಅದನ್ನು ಕ್ಷುಲ್ಲಕ ಅಂತ ತಳ್ಳಿಹಾಕುತ್ತಾನೆ. ಕಫ್ ಮಾತ್ರ ಬಣ್ಣ ಹಚ್ಚಿದ್ದು ಮಧ್ಯಾಹ್ನ ಮೂರಕ್ಕೆ, ಒಣಗಲು ಹನ್ನೆರಡು ಗಂಟೆ, ಹಾಗಾದರೆ ಬಟ್ಟೆ ತಗುಲಿದ್ದು ಬೆಳಗಿನ ಜಾವ ಮೂರರ ಒಳಗೆ ಅಂತ ಲೆಕ್ಕ ಹಾಕುತ್ತಾನೆ. ಇದನ್ನು ಓದಿದ ಮೇಲೂ ನಾನು ಅಂಟಿಸಿದ ನಾಲ್ಕೇ ಗಂಟೆಗೆ ಆಸೆ ತಡೆಯದೆ ಪುಸ್ತಕ ಬಿಡಿಸಿದೆ. ಬೆನ್ನು ಮತ್ತು ರಟ್ಟಿನ ನಡುವಿನ ಮಡಿಕೆ ಜಾರಿ, ಹೆಬ್ಬೆರಳಿನ ಗುರುತು ನೀಲಿ ಬಟ್ಟೆಯ ಮೇಲೆ ಕೂತಿತು. ಈಗಲೂ ಇದೆ. ತನಿಖೆಗೆ ಬಂದರೆ ಸೀದಾ ಸಿಕ್ಕಿಬೀಳುತ್ತೇನೆ.

ಎರಡನೇ ಸಲ ನೆಟ್ಟಗೆ ಮಾಡಿದೆ. ಮಡಿಕೆಯಲ್ಲಿ ಸ್ವೆಟರ್ ಹೆಣೆಯುವ ಸೂಜಿ ಇಟ್ಟು, ಒಳಗೆ ಬಟರ್ ಪೇಪರ್ ಇಟ್ಟು, ಎರಡು ಚಪಾತಿ ಮಣೆಗಳ ನಡುವೆ ಪುಸ್ತಕ, ಮೇಲೆ ಹತ್ತು ಕೆಜಿ ರಾಗಿ ಡಬ್ಬ. ಇಡೀ ರಾತ್ರಿ, ಮತ್ತೆ ಇಡೀ ದಿನ. ಹಳೇ ಬೆನ್ನಿನ ಬಟ್ಟೆಯಲ್ಲಿ ಚಿನ್ನದ ಅಕ್ಷರ ಉಳಿದಿದ್ದ ತುಂಡನ್ನು ಕೊನೆಗೆ ಹೊಸ ಬೆನ್ನಿನ ಮೇಲೆ ಅಂಟಿಸಿದೆ. ಕೂದಲೆಳೆಯಷ್ಟು ವಾರೆ ಆಗಿದೆ. ಬಿಡಿ.

ಲೆಕ್ಕ ಕೇಳಿಯೇ ಕೇಳುವವರಿಗೆ: ಟಿಶ್ಯೂ 380, ದಾರ, ಮೇಣ, ಸೂಜಿ ಸೇರಿ 120, ರವಿಕೆ ಕಣ 90, ಬ್ರಷ್ 80, ಗಾಜ್ ಬಟ್ಟೆ 40, ಕ್ರಾಫ್ಟ್ ಪೇಪರ್ 30. ಮೈದಾ ಅಮ್ಮನ ಲೆಕ್ಕ. ಇದೇ ಕಥೆಯ ಬೇರೆ ಪ್ರತಿ ಇದರ ಅರ್ಧ ದುಡ್ಡಿಗೆ ಸಿಗುತ್ತಿತ್ತು ಅಂತ ಗೆಳೆಯ ಅಂದ. ಕಥೆಯಲ್ಲಿ ಬೆಟರೆಜ್ ಅಂತ ಒಬ್ಬ ಮುದುಕ ಇದ್ದಾನೆ, ಮನೆಯ ಮೇಟಿ. ‘ರಾಬಿನ್ಸನ್ ಕ್ರೂಸೋ’ ಬಿಟ್ಟು ಬೇರೆ ಪುಸ್ತಕ ಅವನಿಗೆ ಬೇಡ, ಕಷ್ಟ ಬಂದಾಗಲೆಲ್ಲ ಅದನ್ನೇ ಬಿಡಿಸಿ ಭವಿಷ್ಯ ನೋಡುತ್ತಾನೆ. ಓದಿ ಓದಿ ಆರು ಪ್ರತಿ ಹರಿದುಹಾಕಿದ್ದಾನೆ, ಏಳನೆಯದು ಮನೆಯೊಡತಿ ಕೊಡಿಸಿದ್ದು, ಅದೂ ನೀಲಿ ಬೈಂಡಿಂಗು. ಆರು ಪ್ರತಿಯಲ್ಲಿ ಒಂದಕ್ಕಾದರೂ ಮೈದಾ ಅಂಟು ಹಚ್ಚಿದ್ದನೋ ಇಲ್ಲವೋ, ಕಾಲಿನ್ಸ್ ಬರೆದಿಲ್ಲ.

ಹಿಂದಿನ ರಟ್ಟಿನ ಒಳಗಡೆ ಒಂದು ಪಟ್ಟಿ ಬಾಕಿ ಇತ್ತು. ಇವತ್ತು ಮಧ್ಯಾಹ್ನ ಎರಡಕ್ಕೆ ಅಂಟಿಸಿ ರಾಗಿ ಡಬ್ಬದ ಕೆಳಗೆ ಇಟ್ಟಿದ್ದೇನೆ. ಈಗ ಏಳು ಗಂಟೆ. ಅಡುಗೆಮನೆಯಿಂದ ಅಮ್ಮ ಮಣೆ ಕೇಳಿದರು. ರಾತ್ರಿ ಎರಡರವರೆಗೆ ಮುಟ್ಟಬೇಡಿ ಅಂದೆ. ಏನೂ ಮಾತಾಡಲಿಲ್ಲ, ಕುಕ್ಕರ್‌ಗೆ ಅನ್ನಕ್ಕೆ ಇಟ್ಟರು.